ಎಂಟನೆಯ ತರಗತಿಯ ಸಿಪಾಯಿ

ಮಸಿನಗುಡಿಯಿಂದ ತೆಪ್ಪಕಾಡಿಗೆ ಬಂದು, ಕೆಕ್ಕನಹಳ್ಳದ ತನಿಖಾ ಠಾಣೆಯಲ್ಲಿ ಸರದಿಗಾಗಿ ನಿಂತಾಗಲೆಲ್ಲ ನಮಗೊಂದು ಯೋಚನೆ ಬರುವುದುಂಟು: ಕಾವಲುಗಾರನಿಗೆ ಮೊದಲು ಬೇಕಾದುದು ಅಕ್ಷರವೆ, ಎತ್ತರವೆ, ನೆಲದ ಪರಿಚಯವೆ?

ಕಾವಲಿಗೆ ಜನ ಸಾಲದಾದಾಗ ಸರಕಾರಗಳು ಅರ್ಹತೆಯ ನಿಯಮಗಳನ್ನು ಸಡಿಲಿಸುವುದು ಹಳೆಯ ರೂಢಿ. ಯಾವ ನಿಯಮವನ್ನು ಸಡಿಲಿಸಬೇಕೆಂಬಲ್ಲಿಯೇ ತೊಡಕು. ಅಮೆರಿಕವು ತನ್ನ ಗಡಿ ಪಹರೆಯನ್ನು 2009ರ ವೇಳೆಗೆ ಇಪ್ಪತ್ತು ಸಾವಿರಕ್ಕೆ ಏರಿಸಿತು. ಅವಸರದ ನೇಮಕದಲ್ಲಿ ಭ್ರಷ್ಟರೂ ನುಸುಳಿದರೆಂಬ ಆತಂಕದಿಂದ 2010ರ ಕಾನೂನು ಅಭ್ಯರ್ಥಿಗಳಿಗೆಲ್ಲ ಸುಳ್ಳುಪತ್ತೆ ಪರೀಕ್ಷೆಯನ್ನು ವಿಧಿಸಿತು. ಹುದ್ದೆಗಳು ತುಂಬದಿರಲು, 2017ರಲ್ಲಿ ಆ ಪರೀಕ್ಷೆಯಿಂದಲೇ ಕೆಲವರಿಗೆ ವಿನಾಯಿತಿ ನೀಡುವ ಮಸೂದೆಗೆ ಅಲ್ಲಿನ ಕೆಳಮನೆ ಒಪ್ಪಿತು. ಪ್ರಾಮಾಣಿಕತೆಯ ಪರೀಕ್ಷೆಯನ್ನೇ ಬಿಟ್ಟುಕೊಡುವುದು ನಮಗಂತೂ ಸರಿತೋರದು.

ನಮ್ಮ ದೇಶದ ಒಂದು ಪ್ರಯೋಗ ಇದಕ್ಕಿಂತ ವಿವೇಕದ್ದು. 2022ರಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಗೆ ಛತ್ತೀಸಗಢದ ಬಿಜಾಪುರ, ದಂತೇವಾಡ, ಸುಕ್ಮಾ ಜಿಲ್ಲೆಗಳ 400 ಮಂದಿ ಬುಡಕಟ್ಟು ಯುವಜನರನ್ನು ಸೇರಿಸಿಕೊಳ್ಳಲು ಹತ್ತನೆಯ ತರಗತಿಯ ಬದಲು ಎಂಟನೆಯದೇ ಸಾಕೆಂದು ಕೇಂದ್ರ ಸಂಪುಟ ತೀರ್ಮಾನಿಸಿತು. ಪುಸ್ತಕ, ಪಾಠಗಳ ನೆರವು ಪಡೆಯದೇ. ಆದರೆ ಹತ್ತನೆಯದು ತೇರ್ಗಡೆಯಾದ ಮೇಲೆಯೇ ನೌಕರಿ ಖಾಯಂ. ನಿಯಮವನ್ನು ಅಳಿಸಲಿಲ್ಲ, ಮುಂದಕ್ಕೆ ಹಾಕಿದರು, ಅಷ್ಟೆ.

ಈ ಸೌಲಭ್ಯ ನೀಲಗಿರಿಗೆ ಬರಲಿಲ್ಲ. ಕಾಟ್ಟುನಾಯಕ, ಪಣಿಯ, ಇರುಳ, ಕುರುಂಬರ ಹಾಡಿಗಳಲ್ಲಿ ಎಂಟಕ್ಕೇ ಶಾಲೆ ಬಿಟ್ಟ ಹುಡುಗನಿಗೆ ಗಡಿ ಭದ್ರತಾ ಪಡೆಯ ಸಾಮಾನ್ಯ ನೇಮಕದ ಬಾಗಿಲು ಮುಚ್ಚಿಯೇ ಇದೆ. ಪುರುಷರ ಎತ್ತರದಲ್ಲಿ ಪರಿಶಿಷ್ಟ ಪಂಗಡದವರಿಗೆ 170 ಸೆಂಟಿಮೀಟರಿನ ಬದಲು 162.5 ಸಾಕು. ಅಳತೆಪಟ್ಟಿಯನ್ನು ತಗ್ಗಿಸಿದವರು ಅಂಕಪಟ್ಟಿಯ ಬಗೆಗೂ ಯೋಚಿಸಬಹುದಿತ್ತು. ತೆಪ್ಪಕಾಡಿನ ಆನೆ ಶಿಬಿರದಲ್ಲಿ ಬೆಳ್ಳಿಯವರನ್ನು 2023ರಲ್ಲಿ ತಮಿಳುನಾಡು ಸರಕಾರ ಕಾವಾಡಿಯಾಗಿ ಖಾಯಂಗೊಳಿಸಿದಾಗ ಎಣಿಕೆಗೆ ಬಂದುದು ಮರಿಯಾನೆಗಳನ್ನು ಸಾಕಿದ ಅನುಭವವಲ್ಲವೆ?

ಗೂಡಲೂರು, ಉದಕಮಂಡಲಗಳ ನಮ್ಮ ಮನೆಗಳಿಗೆ ಇನ್ನೊಂದು ಸಂಗತಿ ಮುಖ್ಯ. ರಾಜ್ಯದ ನೌಕರಿಗಳಿಗೆ 2021ರ ಆದೇಶದಿಂದ ತಮಿಳು ಪತ್ರಿಕೆ ಕಡ್ಡಾಯವಾಯಿತು. ಆದರೆ ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಹಿಂದಿ, ಇಂಗ್ಲಿಷುಗಳ ಜೊತೆಗೆ ಸೇರಿಸಿದ 13 ಭಾಷೆಗಳಲ್ಲಿ ನಮ್ಮದೂ ಒಂದು. ಅರ್ಜಿ ತುಂಬುವಾಗ ಭಾಷೆಯ ಅಂಕಣವನ್ನು ಮಕ್ಕಳೊಡನೆ ಕುಳಿತು ಒಮ್ಮೆ ನೋಡಿರಿ.