ಸೊಸೆಯ ತಾಟು ಬೇರೆಯೇಕೆ?

ಕೆಲವು ದಿನಗಳ ಹಿಂದೆ ನಮ್ಮ ಕಾರ್ಯಾಲಯಕ್ಕೆ ಪರಿಚಿತ ಗೃಹಸ್ಥರೊಬ್ಬರು ಬಂದಿದ್ದರು. ಸರಕಾರೀ ಕಚೇರಿಯಲ್ಲಿ ಮೂವತ್ತು ವರುಷ ನೌಕರಿ ಮಾಡಿ ನಿವೃತ್ತರಾದವರು. ನಾಲ್ಕು ಜನರಲ್ಲಿ ಮಾನವಾಗಿ ಬಾಳಿದವರು. ಹುಡುಗನು ಚಹಾ ಇಟ್ಟು ಹೊರಗೆ ಹೋಗುವ ವರೆಗೆ ಅವರು ಬಾಯಿ ತೆರೆಯಲಿಲ್ಲ. ಅನಂತರ ಮೆಲುದನಿಯಲ್ಲಿ, "ರಾಯರೇ, ಸೊಸೆಯ ತಾಟು ತಂಬಿಗೆ ಬೇರೆ ಇಟ್ಟಿದ್ದೇವೆ, ಅರಿವೆ ಬೇರೆ ಒಗೆಸುತ್ತೇವೆ. ಇಷ್ಟು ಸಾಕೋ, ಮೊಮ್ಮಗನನ್ನೂ ಅವಳಿಂದ ದೂರ ಇಡಬೇಕೋ?" ಎಂದು ಕೇಳಿದರು. ಅವರ ಮಗನು ಪುಣೆಯಲ್ಲಿ ಉದ್ಯೋಗಸ್ಥನಾಗಿದ್ದು ಎರಡು ವರುಷಗಳ ಹಿಂದೆ ತೀರಿಕೊಂಡನು. ಕ್ಷಯವೆಂದು ಊರಿಗೆಲ್ಲ ಹೇಳಿದ್ದರು. ಕ್ಷಯವಿದ್ದದ್ದು ನಿಜ, ಅದರ ಬೆನ್ನ ಹಿಂದೆ ಎಚ್.ಐ.ವಿ. ಇದ್ದದ್ದನ್ನು ಹೇಳಿರಲಿಲ್ಲ. ಅವರ ಅನುಮತಿಯಿಂದ, ಗುರುತು ಸಿಕ್ಕದಂತೆ, ಈ ಸಂಗತಿಯನ್ನು ಬರೆಯುತ್ತಿದ್ದೇವೆ. ಏಕೆಂದರೆ ಇಂಥ ಮನೆ ನಮ್ಮ ಸೀಮೆಯಲ್ಲಿ ಇದೊಂದೇ ಅಲ್ಲ.

ತಾಟಿನ ಪ್ರಶ್ನೆಗೆ ಉತ್ತರವು ದೊರೆತು ನಾಲ್ವತ್ತು ವರುಷಗಳಾಗುತ್ತ ಬಂದವು. ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಗೊತ್ತಾದದ್ದು 1986 ರಲ್ಲಿ, ಮದ್ರಾಸಿನಲ್ಲಿ. ಅದೇ ವರುಷ ನ್ಯೂಯಾರ್ಕಿನ ವೈದ್ಯರು 39 ರೋಗಿಗಳ ಮನೆಗಳಲ್ಲಿ ಕೂಡಿ ಬಾಳಿದ 101 ಜನರನ್ನು ಪರೀಕ್ಷಿಸಿ ಪ್ರಕಟಿಸಿದರು. ಅದೇ ಪಾತ್ರೆ, ಅದೇ ಶೌಚಗೃಹ. ಮಕ್ಕಳನ್ನು ಎತ್ತಿ ಮುದ್ದಾಡಿದವರು. ಸೋಂಕು ಕಂಡದ್ದು ಒಂದೇ ಕೂಸಿಗೆ. ಅದಕ್ಕೂ ತಾಯಿಯಿಂದ ಹುಟ್ಟಿನಲ್ಲಿ ಬಂದಿರಬೇಕೆಂದು ವೈದ್ಯರು ನಿರ್ಣಯಿಸಿದರು. ಕೂಡಿ ಉಂಡರೆ, ಒಂದೇ ಹಾಸಿಗೆಯ ಮೇಲೆ ಕುಳಿತರೆ, ಕೆಮ್ಮಿದರೆ, ಸೊಳ್ಳೆ ಕಚ್ಚಿದರೆ ಈ ರೋಗಾಣುವು ದಾಟುವದಿಲ್ಲ. ಕ್ಷೌರದ ಕತ್ತಿಯನ್ನೂ ಸೂಜಿಯನ್ನೂ ಹಂಚಿಕೊಳ್ಳದಿದ್ದರಾಯಿತು. ಅದು ಯಾವ ಮನೆಗಾದರೂ ಒಪ್ಪುವ ಎಚ್ಚರಿಕೆ.

ಕುಟುಂಬದೊಳಗೆ ಇದು ಸಂಚರಿಸುವ ದಾರಿಗಳು ಬೇರೆ. ಒಂದು ದಾಂಪತ್ಯದ ಶಯ್ಯೆ. ಇನ್ನೊಂದು ತಾಯಿಯ ಗರ್ಭ, ಹೆರಿಗೆ ಮತ್ತು ಎದೆಹಾಲು. ಜನರು ಮಾತಾಡಲು ನಾಚುವ ಬಾಗಿಲುಗಳಿವು. ಅದಕ್ಕೆಂದೇ ತಾಟಿಗೆ ಕಾವಲು, ಇವಕ್ಕೆ ಕಾವಲಿಲ್ಲ. ಪುಣೆಯ ಗುಪ್ತರೋಗ ಚಿಕಿತ್ಸಾಲಯಗಳಿಗೆ ಬಂದ, ವೇಶ್ಯಾವೃತ್ತಿಯವರಲ್ಲದ ಸ್ತ್ರೀಯರಲ್ಲಿ ನೂರಕ್ಕೆ ಹದಿಮೂರಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿದ್ದನ್ನು 1997 ರಲ್ಲಿ ವೈದ್ಯರು ಪ್ರಕಟಿಸಿದರು. ಅವರಲ್ಲಿ ಬಹುಸಂಖ್ಯರು ಪತಿಯ ಹೊರತು ಅನ್ಯರನ್ನು ಅರಿಯದವರು. ಪಾತಿವ್ರತ್ಯವನ್ನು ಕುರಿತು ಉಪನ್ಯಾಸ ಮಾಡುವ ಮಹಾಶಯರು ಈ ಅಂಕೆಯನ್ನು ಒಮ್ಮೆ ಓದಬೇಕೆಂದು ನಮಗೆ ಅನಿಸುತ್ತದೆ.

ಗಂಡನಿಗೆ ಸೋಂಕಿದ್ದು ಹೆಂಡತಿಗೆ ಇಲ್ಲದ ಮನೆಗಳೂ ಉಂಟು. ಇದನ್ನು ಕಂಡು ಕೆಲವರು ದೈವಬಲವೆನ್ನುತ್ತಾರೆ, ಕೆಲವರು ಪರೀಕ್ಷೆಯೇ ಸುಳ್ಳೆನ್ನುತ್ತಾರೆ. ನಿಜವೇನೆಂದರೆ, ಚಿಕಿತ್ಸೆಯಿಲ್ಲದ ಪತಿಯಿಂದ ಪತ್ನಿಗೆ ಒಂದು ಸಲದ ಸಂಪರ್ಕದಲ್ಲಿ ಇರುವ ಅಪಾಯವು ಸರಾಸರಿಯಲ್ಲಿ ಸಾವಿರಕ್ಕೆ ಒಂದರ ಆಸುಪಾಸು. ಆದರೆ ಸಂಸಾರವು ಒಂದು ದಿನದ್ದಲ್ಲ. ವರುಷಗಟ್ಟಲೆ ಕೂಡುತ್ತ ಹೋದಂತೆ ಸಣ್ಣ ಅಪಾಯವು ದೊಡ್ಡದಾಗುವದು. ಅದೂ ಎಲ್ಲ ಕಾಲಕ್ಕೂ ಸಮನಾಗಿಲ್ಲ. ಸೋಂಕು ತಗಲಿದ ಮೊದಲ ಕೆಲವು ವಾರಗಳಲ್ಲಿ, ಆ ಮನುಷ್ಯನಿಗೇ ಸುದ್ದಿಯಿಲ್ಲದಿರುವಾಗ, ಅದು ಬಹಳ ಹೆಚ್ಚು. ರೋಗವು ಬಲಿತ ಕಾಲದಲ್ಲಿ ಮತ್ತೆ ಹೆಚ್ಚು. ಗುಪ್ತಾಂಗಗಳಲ್ಲಿ ಹುಣ್ಣಿದ್ದರೆ ಇನ್ನಷ್ಟು. ನಿರೋಧವನ್ನು ತಪ್ಪದೆ ಬಳಸಿದರೆ ಬಹಳ ಕಡಿಮೆ.

ಇವೆಲ್ಲಕ್ಕೂ ಮೂಲವಾದ ಸಂಗತಿ ಒಂದುಂಟು: ರಕ್ತದಲ್ಲಿರುವ ರೋಗಾಣುವಿನ ಪ್ರಮಾಣ. ಆಫ್ರಿಕದ ಯುಗಾಂಡಾ ದೇಶದಲ್ಲಿ, ಒಬ್ಬರಿಗೆ ಸೋಂಕಿದ್ದು ಒಬ್ಬರಿಗಿಲ್ಲದ 415 ದಂಪತಿಗಳನ್ನು ಪರಿಶೀಲಿಸಿದ ವರದಿಯು 2000 ದಲ್ಲಿ ಪ್ರಕಟವಾಯಿತು. ಪ್ರಮಾಣ ಏರಿದಂತೆ ಹರಡುವಿಕೆಯೂ ಏರಿತ್ತು. ಅತ್ಯಲ್ಪವಿದ್ದವರಿಂದ ಸಂಗಾತಿಗೆ ಹರಡಿರಲೇ ಇಲ್ಲ. ಹಾಗಾದರೆ ಔಷಧದಿಂದ ಆ ಪ್ರಮಾಣವನ್ನು ಇಳಿಸಿದರೆ? ನಮ್ಮ ದೇಶವೂ ಸೇರಿ ಒಂಬತ್ತು ದೇಶಗಳ 1,763 ದಂಪತಿಗಳಲ್ಲಿ ಇದರ ಪ್ರಯೋಗ ನಡೆಯಿತು. ಬೇಗನೆ ಔಷಧವನ್ನು ಆರಂಭಿಸಿದವರಿಂದ ಸಂಗಾತಿಗೆ ಹರಡುವದು ನೂರಕ್ಕೆ 96 ರಷ್ಟು ತಗ್ಗಿತೆಂದು 2011 ರಲ್ಲಿ ಗೊತ್ತಾಯಿತು. ದಿನಾಲು ಗುಳಿಗೆ ನುಂಗಿ, ಪರೀಕ್ಷೆಯಲ್ಲಿ ರೋಗಾಣುವು ಕಾಣದಷ್ಟು ಇಳಿದು ಹಾಗೆಯೇ ನಿಂತವರಿಂದ ಶರೀರಸಂಬಂಧದಲ್ಲಿ ಅದು ಹರಡುವದಿಲ್ಲವೆಂದು ಈಗ ವೈದ್ಯಲೋಕವು ಒಪ್ಪಿದೆ. ನಮ್ಮ ಸರಕಾರವು ಈ ಗುಳಿಗೆಗಳನ್ನು 2004 ರಿಂದ ಧರ್ಮಾರ್ಥವಾಗಿ ಕೊಡುತ್ತಿದೆ.

ಕೂಸಿನ ಮಾತೂ ಹೀಗೆಯೇ. ಏನೂ ಮಾಡದೆ ಬಿಟ್ಟರೆ ಸೋಂಕಿತ ತಾಯಂದಿರ ನೂರು ಕೂಸುಗಳಲ್ಲಿ 15 ರಿಂದ 45 ಕ್ಕೆ ತಗಲುವದು. ತಾಯಿಗೆ ಗುಳಿಗೆಯನ್ನೂ ಕೂಸಿಗೆ ಹುಟ್ಟಿದೊಡನೆ ಔಷಧವನ್ನೂ ಕೊಟ್ಟರೆ ಐದಕ್ಕಿಂತ ಕೆಳಗೆ ಇಳಿಯುವದು. ಗುಳಿಗೆಯಲ್ಲಿರುವ ತಾಯಿಯು ಆರು ತಿಂಗಳು ಬರಿಯ ಎದೆಹಾಲನ್ನೇ ಕೊಡಬೇಕೆಂದು ಸರಕಾರೀ ವೈದ್ಯರು ಹೇಳುತ್ತಾರೆ. ನಡುನಡುವೆ ಆಕಳ ಹಾಲು, ಜೇನು, ಗುಟ್ಟಿ ತೇಯ್ದು ಹಾಕುವ ನಮ್ಮ ಹಿರಿಯರ ಪ್ರೀತಿಯು ಇಲ್ಲಿ ಕೇಡನ್ನೇ ಮಾಡೀತು.

ನಮ್ಮ ಗೃಹಸ್ಥರು ಇಲ್ಲಿ ತಡೆದರು. ಬಸುರಿನಲ್ಲಿ ಮಾಡಿದ ಪರೀಕ್ಷೆಯಲ್ಲಿ ಸೊಸೆಗೆ ಸೋಂಕಿರಲಿಲ್ಲವಂತೆ. ಹಾಗಾದರೆ ಹುಡುಗನಿಗೇನು ಭಯ, ಪರೀಕ್ಷೆ ಯಾಕೆ ಮಾಡಿಸಬೇಕು ಎಂದರು. ತಾಯಿಗೆ ಬಸುರಿನ ತರುವಾಯ, ಹಾಲೂಡಿಸುವ ಕಾಲದಲ್ಲಿ ಹೊಸದಾಗಿ ತಗಲಿದ್ದರೆ ಆಗ ರೋಗಾಣುವಿನ ಪ್ರಮಾಣವು ಅತಿ ಹೆಚ್ಚಾಗಿದ್ದು ಹಾಲಿನಿಂದ ಕೂಸಿಗೆ ದಾಟುವ ಅಪಾಯವೂ ಹೆಚ್ಚೆಂದು ತಿಳಿಸಿದೆವು. ಹುಡುಗನಿಗೆ ಈಗ ನಾಲ್ಕು ವರುಷ. ಎರಡು ವರುಷ ತಾಟು ತೊಳೆಯುವದರಲ್ಲಿ ಇಷ್ಟು ಎಚ್ಚರ ವಹಿಸಿದ ಮನೆಯಲ್ಲಿ ಆ ಕೂಸಿನ ರಕ್ತವನ್ನು ಯಾರೂ ನೋಡಿಸಿರಲಿಲ್ಲ. ಸೊಸೆಯು ಗುಳಿಗೆ ತೆಗೆದುಕೊಳ್ಳುವಳೇ ಎಂದು ಕೇಳಿದೆವು. ತಿಳಿಯದೆಂದರು, ಆ ವಿಷಯವನ್ನು ಅವಳೊಡನೆ ಯಾರೂ ಎತ್ತಿರಲಿಲ್ಲ.

ನಾಚಿಕೆಯಿಂದ ಅಪಾಯ ಹೆಚ್ಚುವದು ಹೀಗೆ. ಗುಳಿಗೆಯ ಡಬ್ಬಿಯನ್ನು ಅಕ್ಕಿಯ ಡಬ್ಬದಲ್ಲಿ ಬಚ್ಚಿಡಬೇಕಾದವಳು ನೆಂಟರು ಬಂದ ದಿನ ಅದನ್ನು ನುಂಗಲಾರಳು. ದಿನಗಳು ತಪ್ಪಿದರೆ ಇಳಿದ ರೋಗಾಣುವು ಮತ್ತೆ ಏರುವದು. 2017 ರಲ್ಲಿ ಪಾರ್ಲಿಮೆಂಟು ಮಾಡಿ 2018 ರ ಸಪ್ಟಂಬರ 10 ರಿಂದ ಜಾರಿಗೆ ಬಂದ ಕಾಯದೆಯು, ಸೋಂಕಿತರಿಗೆ ಕೂಡಿ ಬಾಳುವ ಮನೆಯಲ್ಲಿ ಇರುವ ಹಕ್ಕನ್ನೂ ಅಲ್ಲಿಯ ಸೌಕರ್ಯಗಳನ್ನು ಭೇದವಿಲ್ಲದೆ ಬಳಸುವ ಹಕ್ಕನ್ನೂ ಕೊಟ್ಟಿದೆ. ಈ ಕಾಯದೆಯನ್ನು ಅರಿತ ಅಧಿಕಾರಿಗಳೇ ಎಷ್ಟು ಜನರಿದ್ದಾರೆಂದು ನಾವು ಕೇಳಬಯಸುತ್ತೇವೆ.

ಸರಕಾರೀ ಆಸ್ಪತ್ರೆಯಲ್ಲಿ ಪರೀಕ್ಷೆಗೆ ದುಡ್ಡಿಲ್ಲ, ಹೆಸರು ಹೊರಬೀಳದು, 1097 ಎಂಬ ದೂರವಾಣಿ ಸಂಖ್ಯೆಗೆ ಮನೆಯಿಂದಲೇ ಕೇಳಬಹುದು ಎಂದು ಹೇಳಿ ಅವರನ್ನು ಕಳುಹಿದೆವು. ನಾಲ್ಕನೆಯ ದಿನ ಅವರಿಂದ ಸುದ್ದಿ ಬಂತು. ಹುಡುಗನಿಗೆ ಸೋಂಕಿಲ್ಲ. ಸೊಸೆಯು ಒಂದೂವರೆ ವರುಷದಿಂದ ತವರಿಗೆ ಹೋಗುವ ನೆವ ಹೇಳಿ ಆಸ್ಪತ್ರೆಗೆ ಹೋಗಿ ಗುಳಿಗೆ ತರುತ್ತಿದ್ದಳಂತೆ. ಒಂದು ದಿನವೂ ತಪ್ಪಿಸಿಲ್ಲವಂತೆ. ತಾಟಿನ ಮಾತನ್ನು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.