ಪಿನ್ನು, ಪಾವು, ಈಳಿಗಿ: ದುರ್ಗದಬೈಲಿನ ಒಂದು ಅಟ್ಟದಲ್ಲಿ ಸಿಕ್ಕಿದ್ದು

ದುರ್ಗದಬೈಲ್ ಅಂದ್ರೆ ನಮ್ಮ ಕಾಲೇಜಿನ ಅರ್ಧ ಜನಕ್ಕೆ ಗಿರಮಿಟ್ಟು ಮತ್ತು ಮಿರ್ಚಿ ಭಜಿ, ಇನ್ನರ್ಧ ಜನಕ್ಕೆ ಗಾಡಿ ನಿಲ್ಲಿಸೋಕೆ ಜಾಗ ಸಿಗದ ಪೇಟೆ. ನಾವೂ ಅಲ್ಲಿಗೆ ಹೋಗೋದು ತಿನ್ನೋದಕ್ಕೇ. ಆದ್ರೆ ಕಳೆದ ತಿಂಗಳು ಒಂದು ಶನಿವಾರ ನಾಲ್ಕು ಜನ ಹೋಗಿದ್ದು ಹಮಾಲಿ ಮಾಡೋಕೆ. ನಮ್ಮ ಸಂಘದ ಗೆಳತಿಯೊಬ್ಬಳ ಅಜ್ಜಿ ಬೈಲಿನ ಹಿಂದಿನ ಓಣಿಯಲ್ಲಿರೋ ಹಳೇ ಮನೆ ಖಾಲಿ ಮಾಡಿ, ಮಗನ ಫ್ಲ್ಯಾಟಿಗೆ ಹೋಗೋರಿದ್ದರು. ರವಿವಾರ ಬೆಳಿಗ್ಗೆ ಮೋಡಕಾದವನು ಬರ್ತಾನೆ. ಅಷ್ಟರೊಳಗೆ ಅಟ್ಟದ ಸಾಮಾನೆಲ್ಲ ಇಳಿಸಬೇಕು. ತೂಕಕ್ಕೆ ಹಾಕೋದು ಒಂದು ಕಡೆ, ಉಳಿಸಿಕೊಳ್ಳೋದು ಒಂದು ಕಡೆ. ಕೂಲಿ: ಹೊಟ್ಟೆ ತುಂಬ ಗಿರಮಿಟ್ಟು.

ಮೊದಲ ಅರ್ಧ ಗಂಟೆ ನಾವು ನಗ್ತಾ ಇದ್ವಿ. ಒಂದೊಂದು ವಸ್ತುವೂ ಒಂದೊಂದು ವಿಚಿತ್ರ. ಇದೇನು, ಅದೇನು ಅಂತ ಊಹೆ ಮಾಡೋ ಆಟ ಶುರುವಾಯ್ತು. ಆರು ಸೆಮಿಸ್ಟರ್ ಎಂಜಿನಿಯರಿಂಗ್ ಓದಿದ ನಾಲ್ಕು ತಲೆ ಸೇರಿದರೂ ಹೆಚ್ಚಿನ ಊಹೆ ತಪ್ಪಾದವು. ಹೊಸ್ತಿಲ ಮೇಲೆ ಕೂತು ನೋಡ್ತಿದ್ದ ಅಜ್ಜಿ ಕಡೆಗೆ ಅಂದರು: "ನೀವೆಲ್ಲಾ ಇಂಜಿನೇರ್ ಆಗಾವ್ರು ಹೌದಲ್ಲೋ? ಇದು ಯಾವ ಕೆಲಸಕ್ಕ ಬೇಕಾಗಿತ್ತು ಅಂತ ಮೊದಲ ಕೇಳ್ರಿ. ಆಮ್ಯಾಲ ನಗ್ರಿ."

ಆ ಮಾತು ಹಿಡಿದುಕೊಂಡೇ ಈ ಲೇಖನ. ಹಳೇ ವಸ್ತು ವಿಚಿತ್ರವಾಗಿ ಕಾಣೋದು ಅದು ಯಾವ ತೊಂದರೆಗೆ ಉತ್ತರವಾಗಿತ್ತೋ ಆ ತೊಂದರೆ ಈಗ ನಮ್ಮ ಕಣ್ಣಿಗೆ ಬೀಳದೇ ಇರೋದರಿಂದ. ತೊಂದರೆ ಯಾವುದು ಅಂತ ಹುಡುಕಿದರೆ ವಿನ್ಯಾಸ ತಾನೇ ಬಿಡಿಸಿಕೊಳ್ಳುತ್ತೆ. ಅವತ್ತು ಇಳಿಸಿದ್ದರಲ್ಲಿ ನಾಲ್ಕು ವಸ್ತು ಇಲ್ಲಿವೆ.

ತಗಡಿನ ಪಟ್ಟಿ, ತುದಿಗೆ ಒಂದು ಕೂದಲಿನಂಥ ತಂತಿ

ಬೆರಳುದ್ದದ ತಗಡಿನ ಪಟ್ಟಿ. ತುದಿಯಲ್ಲಿ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ, ಅದೂ ಅರ್ಧ ಸೆಂಟಿಮೀಟರಿನಷ್ಟು ಉದ್ದ. ಕಿವಿ ಸ್ವಚ್ಛ ಮಾಡೋದು ಅಂದ ಒಬ್ಬ. ಸಿಮ್ ಟ್ರೇ ತೆಗೆಯೋ ಪಿನ್ನಿನ ಅಜ್ಜ ಅಂದ ಇನ್ನೊಬ್ಬ. ಎರಡನೆಯವನು ಸ್ವಲ್ಪ ಹತ್ತಿರ ಇದ್ದ. ಅದು ಸ್ಟೋ ಪಿನ್ನು. ಅದರ ಜೋಡಿ ಹಿತ್ತಾಳೆಯ ಪಂಪ್ ಸ್ಟೋ ಅಟ್ಟದ ಮೂಲೆಯಲ್ಲೇ ಇತ್ತು.

ಸೀಮೆಎಣ್ಣೆಯನ್ನು (ಅಜ್ಜಿಯ ಬಾಯಲ್ಲಿ ಅದು ಚಿಮಣಿ ಎಣ್ಣಿ) ಬತ್ತಿಯಲ್ಲಿ ಸುಟ್ಟರೆ ಹಳದಿ ಉರಿ, ಮಸಿ, ಕಡಿಮೆ ಕಾವು. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್ ಸ್ಟೋ ಬತ್ತಿಯನ್ನೇ ತೆಗೆದುಹಾಕಿತು. ಟಾಕಿಯೊಳಗೆ ಪಂಪಿನಿಂದ ಗಾಳಿ ಒತ್ತಬೇಕು. ಆ ಒತ್ತಡಕ್ಕೆ ಎಣ್ಣೆ ಮೇಲೇರಿ, ಮೊದಲೇ ಕಾಯಿಸಿಟ್ಟ ಬರ್ನರಿನ ಕೊಳವೆಯಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ತೂತಿನಿಂದ ಜೋರಾಗಿ ಚಿಮ್ಮುತ್ತೆ. ಚಿಮ್ಮುವಾಗ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ನೀಲಿಯಾಗಿ ಉರಿಯುತ್ತೆ. ಒಮ್ಮೆ ಹತ್ತಿದ ಮೇಲೆ ಉರಿಯ ಕಾವೇ ಮುಂದಿನ ಎಣ್ಣೆಯನ್ನು ಆವಿ ಮಾಡುತ್ತೆ. ಹೊರಗಿನ ಕಾವು ಬೇಕಾದದ್ದು ಶುರುವಿಗೆ ಮಾತ್ರ. ಅಮುಂಡ್ಸೆನ್ 1911ರಲ್ಲಿ ದಕ್ಷಿಣ ಧ್ರುವಕ್ಕೆ ಹೋದಾಗ ಹಿಮ ಕರಗಿಸಿ ನೀರು ಮಾಡಿದ್ದು ಪ್ರೈಮಸ್ ಸ್ಟೋದ ಮೇಲೇ.

ಹಾಗಾದರೆ ಪಿನ್ನು ಯಾಕೆ? ಆ ಕಾವಿಗೆ ಎಣ್ಣೆಯ ಸ್ವಲ್ಪ ಭಾಗ ಇದ್ದಿಲಾಗಿ ತೂತಿಗೆ ಕಟ್ಟಿಕೊಳ್ಳುತ್ತೆ. ದಿನಾ ಒಮ್ಮೆಯಾದರೂ ಚುಚ್ಚಬೇಕು. ಹಗುರ ಕೈಯಿಂದ ಚುಚ್ಚಬೇಕು; ತೂತು ದೊಡ್ಡದಾದರೆ ಗಾಳಿಗಿಂತ ಎಣ್ಣೆ ಹೆಚ್ಚಾಗಿ ಮತ್ತೆ ಹಳದಿ ಉರಿ, ಮತ್ತೆ ಮಸಿ. ಅಂದರೆ ಇಡೀ ಸ್ಟೋದ ನಿಖರತೆ ನಿಂತಿದ್ದು ಎಸೆಯೋಕೆ ಹೊರಟಿದ್ದ ಈ ತಗಡಿನ ತುಂಡಿನ ಮೇಲೆ.

ಕಂಠದ ಹತ್ತಿರ ಸವೆದ ಹಿತ್ತಾಳೆಯ ಪಾವು

ಒಂದರೊಳಗೊಂದು ಕೂರೋ ಮೂರು ಅಳತೆ ಪಾತ್ರೆಗಳು: ಸೇರು, ಅರ್ಧ ಸೇರು, ಪಾವು. ಇದಂತೂ ಗೊತ್ತು ಅಂದ್ವಿ. ಗೊತ್ತಿದ್ದದ್ದು ಹೆಸರು ಮಾತ್ರ.

ತೂಕದ ಸೇರಿನ ಲೆಕ್ಕ ನೋಡಿ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಛಟಾಕು; ಅಂದರೆ ಸೇರಿಗೆ 16 ಛಟಾಕು. ರೂಪಾಯಿಗೂ 16 ಆಣೆ. ಹತ್ತರ ಲೆಕ್ಕ ಬಿಟ್ಟು ಹದಿನಾರು ಯಾಕೆ? ತಕ್ಕಡಿಯೊಂದೇ ಇದ್ದು ತೂಕದ ಕಲ್ಲುಗಳು ಇಲ್ಲ ಅಂದುಕೊಳ್ಳಿ. ಒಂದು ರಾಶಿಯನ್ನು ಎರಡು ತಟ್ಟೆಗೆ ಹಾಕಿ ಸರಿಸಮ ಮಾಡಿದರೆ ಅರ್ಧ. ಅದನ್ನೇ ಮತ್ತೆ ಮಾಡಿದರೆ ಕಾಲು. ನಾಲ್ಕು ಸಲ ಮಾಡಿದರೆ ಹದಿನಾರನೇ ಒಂದು. ಹತ್ತು ಭಾಗ ಮಾಡೋದು ತಕ್ಕಡಿಗೆ ಕಷ್ಟ, ಅರ್ಧ ಮಾಡೋದು ಸುಲಭ. ಡಿಜಿಟಲ್ ಲ್ಯಾಬಿನಲ್ಲಿ ನಾವು ಎರಡರ ಘಾತ ಅಂತ ಬರೆಯೋದನ್ನು ಪೇಟೆ ಎಷ್ಟೋ ಕಾಲದಿಂದ ನಡೆಸಿಕೊಂಡು ಬಂದಿತ್ತು.

ತೂಕದ ಸೇರು 80 ತೊಲ, ಸುಮಾರು 933 ಗ್ರಾಂ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ. ಅಂದರೆ 80 ಬೆಳ್ಳಿ ರೂಪಾಯಿ ಇಟ್ಟರೆ ಅದೇ ಒಂದು ಸೇರಿನ ತೂಕ. ಹಣವೇ ತಕ್ಕಡಿಯ ಕಲ್ಲು!

ಕಾಳು ಅಳೆಯೋ ಪಾತ್ರೆಯ ಕಥೆ ಮಾತ್ರ ಇಷ್ಟು ಸೀದಾ ಅಲ್ಲ. ಅಳತೆ ಊರಿಂದೂರಿಗೆ ಬೇರೆ. ಮೇಲಿಂದ ಕಂಠಮಟ್ಟಕ್ಕೆ ಸವರಿ ಕೊಡಬೇಕೋ, ಗೋಪುರ ಕಟ್ಟಿ ಕೊಡಬೇಕೋ ಅನ್ನೋದು ಇನ್ನೊಂದು ಜಗಳ. "ಕೊಡೂಮುಂದ ಸವರೋದು, ತಗೊಳ್ಳೂಮುಂದ ಗೋಪುರ" ಅಂತ ಅಜ್ಜಿ ನಕ್ಕರು. ಆ ಗೋಪುರದ ಲೆಕ್ಕವನ್ನು ನಾವು ಅಲ್ಲೇ ಹಾಕಿದ್ವಿ. ಕಾಳು ಒಂದು ನಿಶ್ಚಿತ ಕೋನದಲ್ಲೇ ನಿಲ್ಲುತ್ತೆ, ಹಾಗಾಗಿ ಗೋಪುರದ ಎತ್ತರ ಪಾತ್ರೆಯ ಬಾಯಿಯ ಅಗಲದ ಜೊತೆಗೇ ಏರುತ್ತೆ. ಬಾಯಿ ಎರಡು ಪಟ್ಟು ಅಗಲವಾದರೆ ಗೋಪುರದಲ್ಲಿ ಹಿಡಿಯೋ ಕಾಳು ಎಂಟು ಪಟ್ಟು! ಸಣ್ಣ ಬಾಯಿಯ ಉದ್ದ ಪಾತ್ರೆಯಲ್ಲಿ ಮೋಸಕ್ಕೆ ಜಾಗ ಕಡಿಮೆ, ಅಗಲ ಬಾಯಿಯದರಲ್ಲಿ ಹೆಚ್ಚು. ಅಜ್ಜಿಯ ಪಾವು ಗೇಣುದ್ದದ್ದಲ್ಲ, ಆದರೂ ಅಗಲಕ್ಕಿಂತ ಎತ್ತರವೇ ಹೆಚ್ಚು.

ಈ ಗೊಂದಲ ನಿಲ್ಲಿಸೋಕೆ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1957ರ ಏಪ್ರಿಲ್ 1ರಿಂದ ನೂರು ನಯಾಪೈಸೆಯ ರೂಪಾಯಿ, 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋಗ್ರಾಂ. ಕಾಗದದ ಮೇಲೆ ಸೇರು ಹೋಯ್ತು, ಬಾಯಿಂದ ಹೋಗಲಿಲ್ಲ. ಅವತ್ತು ಸಂಜೆ ಬೈಲಿನಲ್ಲಿ ಶೇಂಗಾ ತಗೊಳ್ಳುವಾಗ ನಮ್ಮವನೊಬ್ಬ ಗೊತ್ತಿಲ್ಲದೇ "ಪಾವ ಕಿಲೋ ಕೊಡ್ರಿ" ಅಂದ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ 0.250 ತೋರಿಸ್ತು.

ಕೂತು ಹೆಚ್ಚೋ ಈಳಿಗಿ

ಮಣೆಯ ಮೇಲೆ ಬಾಗಿ ನಿಂತ ಕಬ್ಬಿಣದ ಅಲಗು, ತುದಿಯಲ್ಲಿ ಕೊಬ್ಬರಿ ತುರಿಯೋ ಹಲ್ಲು. ಇದೇ ಜಾತಿಯದಕ್ಕೆ ಮಹಾರಾಷ್ಟ್ರದಲ್ಲಿ ವಿಳಿ, ಬಂಗಾಳದಲ್ಲಿ ಬೋಟಿ ಅಂತ ಹೆಸರು. ಹಾಸ್ಟೆಲ್ ಹುಡುಗರಿಗೆ ಇದು ಉಲ್ಟಾ ಚಾಕು: ಅಲಗು ಕದಲೋದಿಲ್ಲ, ಕಾಯಿಪಲ್ಲೆ ಕದಲುತ್ತೆ.

ವರ್ಕ್‌ಶಾಪ್ ಲ್ಯಾಬ್ ನೆನಪು ಮಾಡಿಕೊಳ್ಳಿ. ಬ್ಯಾಂಡ್ ಸಾ ಯಂತ್ರದ ಅಲಗು ತನ್ನ ಜಾಗದಲ್ಲೇ ಓಡುತ್ತೆ, ಮರದ ತುಂಡನ್ನು ನಾವು ಎರಡೂ ಕೈಯಿಂದ ನೂಕ್ತೀವಿ. ಈಳಿಗಿಯೂ ಹಾಗೇ. ಚಾಕುವಿಗೆ ಒಂದು ಕೈ ಸಾಲ ಕೊಡಬೇಕು. ಇಲ್ಲಿ ಎರಡೂ ಕೈ ಕಾಯಿಪಲ್ಲೆಗೇ ಮೀಸಲು. ಮಣೆಯನ್ನು ಹಿಡಿಯೋದು ಕಾಲು ಮತ್ತು ಮೈಭಾರ, ಅದಕ್ಕೇ ಎಷ್ಟು ಒತ್ತಿದರೂ ಮಣೆ ಮಗಚೋದಿಲ್ಲ. ಅಲಗು ಬಾಗಿರೋದರಿಂದ ಮೆಂತ್ಯೆಪಲ್ಲೆಯ ಕಟ್ಟು ಅದರ ಮೇಲೆ ಜಾರುತ್ತಾ ಕೊಯ್ಯಿಸಿಕೊಳ್ಳುತ್ತೆ. ಜಾರಿ ಕೊಯ್ಯೋದಕ್ಕೆ ಒತ್ತಿ ಕೊಯ್ಯೋದಕ್ಕಿಂತ ಕಡಿಮೆ ಬಲ ಸಾಕು.

ಇಷ್ಟು ಚಲೋ ಇದ್ದದ್ದು ಮೂಲೆಗೆ ಬಿದ್ದಿದ್ದು ಯಾಕೆ? ಈಳಿಗಿಯಲ್ಲಿ ದೋಷ ಇತ್ತು ಅಂತಲ್ಲ. ಒಲೆ ನೆಲದಿಂದ ಕಟ್ಟೆಗೆ ಏರಿತು. ಗ್ಯಾಸ್ ಬಂತು, ಅಡಿಗಿ ನಿಂತು ಮಾಡೋದಾಯ್ತು. ಕೂರೋ ಅಡಿಗೆಮನೆಗೆ ಹೊಂದಿಕೊಂಡಿದ್ದ ಸಾಧನ ನಿಂತ ಅಡಿಗೆಮನೆಯಲ್ಲಿ ಪರದೇಸಿ ಆಯ್ತು. ಒಂದು ವಸ್ತು ಸೋಲೋದು ಕೆಲವೊಮ್ಮೆ ತನ್ನ ತಪ್ಪಿನಿಂದಲ್ಲ, ಪಕ್ಕದ ವಸ್ತು ಬದಲಾದದ್ದರಿಂದ.

ತಂಬಿಗಿ, ಒಳಗೆ ಬೆಳ್ಳಗೆ

ಹೊರಗೆ ಹಿತ್ತಾಳೆ, ಒಳಗೆ ಬೆಳ್ಳಿಯಂಥ ಬಿಳುಪು. ಬೆಳ್ಳಿ ಲೇಪ ಇರಬೇಕು ಅಂತ ನಮಗೆ ಆಸೆ. ಅದು ಕಲಾಯಿ, ಅಂದರೆ ತವರ. ಹುಣಸಿಹುಳಿ, ಮಜ್ಜಿಗೆಗಳ ಆಮ್ಲ ತಾಮ್ರವನ್ನು ಕರಗಿಸಿ ಅಡಿಗೆಗೆ ಸೇರಿಸುತ್ತೆ. ಅದಕ್ಕೆ ನಡುವೆ ತವರದ ತೆಳು ಗೋಡೆ. ತವರ ಕರಗೋದು 232 ಡಿಗ್ರಿ ಸೆಲ್ಸಿಯಸ್‌ಗೆ, ಹಿತ್ತಾಳೆಗೆ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ಹಾಗಾಗಿ ಪಾತ್ರೆ ಕಾಯಿಸಿ ತವರ ತಿಕ್ಕಿದರೆ ತವರ ಮಾತ್ರ ಕರಗುತ್ತೆ. ಜೊತೆಗೆ ನವಸಾಗರದ ಪುಡಿ ಹಾಕ್ತಾರೆ: ನಮ್ಮ ರಸಾಯನಶಾಸ್ತ್ರದ ಅಮೋನಿಯಂ ಕ್ಲೋರೈಡ್. ಅದು ಮೇಲ್ಮೈಯ ಆಕ್ಸೈಡನ್ನು ತೆಗೆದು ಲೋಹಕ್ಕೆ ಲೋಹ ಹಿಡಿಯೋ ಹಾಗೆ ಮಾಡುತ್ತೆ. ಸೋಲ್ಡರಿಂಗ್ ಮಾಡುವಾಗ ನಾವು ಫ್ಲಕ್ಸ್ ಬಳಸೋದೂ ಇದೇ ಕಾರಣಕ್ಕೆ. ಕಂಚಗಾರ ಗಲ್ಲಿ ಅಂತ ಹೆಸರಿರೋ ಊರಲ್ಲಿ ಓದುತ್ತಾ ನಮಗೆ ಇದು ಗೊತ್ತಿರಲಿಲ್ಲ ಅನ್ನೋದು ಸ್ವಲ್ಪ ನಾಚಿಕೆಯ ವಿಷಯ.

ತಂಬಿಗೆಯ ಆಕಾರಕ್ಕೆ ದೊಡ್ಡ ಅಭಿಮಾನಿಗಳಿದ್ದಾರೆ. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರ ಕೇಳಿದ್ದಕ್ಕೆ ದೇಶ ಸುತ್ತಿ 1958ರಲ್ಲಿ ವರದಿ ಕೊಟ್ಟರು. ಅವರು ನೋಡಿದ ವಸ್ತುಗಳಲ್ಲೆಲ್ಲ ಹೆಚ್ಚು ಮೆಚ್ಚಿದ್ದು ಲೋಟಾ, ಅಂದರೆ ನಮ್ಮ ತಂಬಿಗಿಯ ಜಾತಿ. ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ಮತ್ತು ಖಾಲಿಯಾದಾಗ ತೂಕ ಹೇಗೆ ಕೂರುತ್ತೆ, ಸುರಿಯುವಾಗ ಧಾರೆ ಹೇಗೆ ಬೀಳುತ್ತೆ, ತೊಳೆಯೋದು ಹೇಗೆ, ಬೆಲೆ ಎಷ್ಟು: ಇಂಥ ಪ್ರಶ್ನೆಗಳ ಪಟ್ಟಿಯನ್ನೇ ಅವರು ಮಾಡಿದರು. ಒಬ್ಬ ಮನುಷ್ಯ ಕೂತು ಇದನ್ನೆಲ್ಲ ಲೆಕ್ಕ ಹಾಕಿದ್ದಲ್ಲ, ತಲೆಮಾರುಗಳು ತಿದ್ದುತ್ತಾ ಬಂದ ಆಕಾರ ಅದು ಅನ್ನೋದು ಅವರ ವಾದ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯ್ತು.

ಯಾವುದು ಹೋಯ್ತು, ಯಾವುದು ಉಳಿಯಿತು

ಕತ್ತಲಾಗುವ ಹೊತ್ತಿಗೆ ನಮ್ಮ ತೀರ್ಪು ಸಿದ್ಧ ಇತ್ತು. ಸ್ಟೋ ಉಳಿಸಲೇಬೇಕು! ಹಿತ್ತಾಳೆ ಹೊಳಪು, ನೂರು ವರ್ಷದ ವಿನ್ಯಾಸ, ಸಂಘದ ಕೋಣೆಯಲ್ಲಿ ಇಟ್ಟರೆ ಎಲ್ಲರೂ ನೋಡ್ತಾರೆ. ಉಜ್ಜಿ ಒರೆಸಿ ಉಳಿಸೋ ಕಡೆ ಇಟ್ವಿ.

ಅಜ್ಜಿ ಎದ್ದು ಬಂದು ಅದನ್ನು ತೂಕದ ಕಡೆ ಸರಿಸಿದರು.

"ಯಾಕ್ರೀ ಅಜ್ಜಿ? ಎಷ್ಟ್ ಚಂದ ಐತಿ!"

ಅವರು ಎಡಗೈಯ ಬಳೆ ಮೇಲೆ ಸರಿಸಿ ತೋರಿಸಿದರು. ಮಣಿಕಟ್ಟಿನಿಂದ ಮೊಳಕೈತನಕ ಸುಕ್ಕುಗಟ್ಟಿದ ಹಳೇ ಗಾಯದ ಗುರುತು. "ನಸುಕಿನ್ಯಾಗ ಹುಡುಗ್ರ ಸಾಳಿಗೆ ಹೊತ್ತಾಗಿತ್ತು. ಬರ್ನರ್ ಇನ್ನೂ ಕಾದಿದ್ದಿಲ್ಲ, ನಾ ಪಂಪ್ ಹೊಡದೆ. ಉರಿ ಬಗ್ ಅಂತ ಎದ್ದು ಸೆರಗಿಗೆ ಹತ್ತಿತು. ನಿಮ್ಮಜ್ಜ ಕಂಬಳಿ ಹೊಚ್ಚಿದ್ರಂತ ಉಳದೆ."

ನಾವು ಯಾರೂ ಮಾತಾಡಲಿಲ್ಲ. ಮಧ್ಯಾಹ್ನ ನಾವೇ ಹೊಗಳಿದ್ದ ಆ ಕಾಯಿಸೋ ಹಂತದ ಇನ್ನೊಂದು ಮುಖ ಇದು. ಬರ್ನರ್ ಕಾಯದಿದ್ದರೆ ಆವಿಯ ಬದಲು ಎಣ್ಣೆಯೇ ಚಿಮ್ಮಿ ಉರಿಯುತ್ತೆ. ಉರಿಯ ಕೆಳಗೇ ಒತ್ತಡದ ಟಾಕಿ. ಎಲ್ಲ ಸುರಕ್ಷತೆಯೂ ಬಳಸೋರ ತಾಳ್ಮೆಯ ಮೇಲೆ ನಿಂತಿದೆ, ಬಳಸೋರು ನಸುಕಿನಲ್ಲಿ ಅವಸರದಲ್ಲಿರೋ ತಾಯಿ. ಧ್ರುವಕ್ಕೆ ಹೋಗಿಬಂದ ಯಂತ್ರ ನಮ್ಮ ಅಡಿಗೆಮನೆಯ ಅವಸರವನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ. ನಮಗೆ ಅದು ಹಳೇ ಕಾಲದ ಚಂದದ ವಸ್ತು. ಅವರಿಗೆ ಅದು ಆ ಬೆಳಗು.

ಅವರು ಉಳಿಸಿಕೊಂಡಿದ್ದು ಮೂರು. ಪಾವು, ಯಾಕೆಂದರೆ ಇವತ್ತಿಗೂ ಅಕ್ಕಿ ಅಳೆಯೋದು ಅದರಲ್ಲೇ. ತಂಬಿಗಿ. ಮತ್ತು ಈಳಿಗಿ. ಫ್ಲ್ಯಾಟಿನಲ್ಲಿ ಎಲ್ಲಿ ಕೂತು ಹೆಚ್ಚತೀರಿ ಅಂದದ್ದಕ್ಕೆ, "ಗ್ಯಾಲರಿ ಐತೆಲ್ಲ" ಅಂದರು. ಸ್ಟೋ ರವಿವಾರ ತೂಕಕ್ಕೆ ಹೋಯ್ತು. ಪಿನ್ನನ್ನು ಮಾತ್ರ ನಾವು ಕೇಳಿ ತಗೊಂಡ್ವಿ. ಅದು ಈಗ ಸಂಘದ ಕೋಣೆಯ ನೋಟಿಸ್ ಬೋರ್ಡಿನಲ್ಲಿದೆ, ಇದೇನು ಅಂತ ಕೇಳೋರಿಗೆ ಎರಡೂ ಕಥೆ ಹೇಳ್ತೀವಿ.

ಈ ರಜೆಯಲ್ಲಿ ಊರಿಗೆ ಹೋದಾಗ ನೀವೂ ಒಂದು ವಸ್ತು ಇಳಿಸಿ ನೋಡಿ. ಮೂರು ಪ್ರಶ್ನೆ ಸಾಕು: ಇದು ಯಾವ ತೊಂದರೆಗೆ ಬಂತು, ಇದನ್ನು ಬಳಸಿದವರು ಯಾರು, ಬಳಸೋದು ಯಾಕೆ ನಿಂತಿತು. ಎರಡನೇ ಪ್ರಶ್ನೆಯನ್ನು ಬಳಸಿದವರ ಹತ್ತಿರವೇ ಕೇಳಿ. ಉತ್ತರ ಬರೆದು ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.