ಊರು ಕಟ್ಟುವ ಆಟಕ್ಕೆ ಎಷ್ಟು ದುಡ್ಡಿನ ಲ್ಯಾಪ್‌ಟಾಪ್?

ಈಚೆಗೆ ಒಂದು ಸಂಜೆ ನಿಂಬರ್ಗಾದ ನಮ್ಮ ನೆರೆಮನೆಯವರು ಚೀಟಿಯೊಂದನ್ನು ಹಿಡಿದುಕೊಂಡು ಬಂದರು. ಹಿಂದೆಯೇ ಮಗಳು. ದ್ವಿತೀಯ ಪಿಯುಸಿ ಮುಗಿಸಿದ್ದಾಳೆ, ಎಂಜಿನಿಯರಿಂಗ್ ಸೇರುವವಳು. ಕಲಬುರಗಿಯ ಅಂಗಡಿಯೊಂದರಲ್ಲಿ ಬರೆಸಿಕೊಂಡು ಬಂದ ಲ್ಯಾಪ್‌ಟಾಪಿನ ದರ ಚೀಟಿಯಲ್ಲಿತ್ತು: 80,000 ರೂಪಾಯಿ.

‘ಅಣ್ಣಾ, ಇಕಿ ಆಡೋದು ಯಾವದೋ ಹಳೀ ಆಟ ಅದಂತ. ಅದಕ್ಕ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತ ಅಂಗಡ್ಯಾವ ಹೇಳ್ಯಾನ. ಖರೇ ಏನ್ರಿ?’

2025–26ರ ಹಂಗಾಮಿಗೆ ಕೇಂದ್ರ ಸರಕಾರ ತೊಗರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ಅಂದರೆ ಚೀಟಿಯಲ್ಲಿದ್ದದ್ದು ಹತ್ತು ಕ್ವಿಂಟಾಲ್ ತೊಗರಿ. ಮಗಳು ತಲೆ ತಗ್ಗಿಸಿ ನಿಂತಿದ್ದಳು. ಆಟದ ಮಾತು ಎತ್ತಬಾರದಿತ್ತೇನೋ ಎಂಬ ಭಾವ ಮುಖದ ಮೇಲಿತ್ತು.

‘ಯಾವ ಆಟವ್ವಾ?’ ಎಂದೆ.

‘ಸಿಮ್‌ಸಿಟಿ ನಾಲ್ಕು, ಕಾಕಾ.’

ಸೊಲ್ಲಾಪುರದ ಚಿಕ್ಕಮ್ಮನ ಮನೆಯಲ್ಲಿ ಕಲಿತದ್ದಂತೆ. ಪಾಲಕರಲ್ಲಿ ಬಹಳ ಜನರಿಗೆ ಇದರ ಪರಿಚಯ ಇರಲಾರದು. ಇದರಲ್ಲಿ ಬಂದೂಕಿಲ್ಲ, ಓಟವಿಲ್ಲ. ಬರಿಯ ನೆಲ ಕೊಡುತ್ತಾರೆ, ಊರು ಕಟ್ಟಬೇಕು. ಮನೆಗಳಿಗೆ ಹಸಿರು, ಅಂಗಡಿಗಳಿಗೆ ನೀಲಿ, ಕಾರ್ಖಾನೆಗಳಿಗೆ ಹಳದಿ ಎಂದು ಜಾಗ ಗುರುತಿಸಿ, ರಸ್ತೆ ಹಾಕಿ, ವಿದ್ಯುತ್ ಕೊಟ್ಟು, ನೀರಿನ ಕೊಳವೆ ಹೂಳಬೇಕು. ನೀರು ಕೊಡದಿದ್ದರೆ ದೊಡ್ಡ ಕಟ್ಟಡ ಏಳುವುದಿಲ್ಲ. ತೆರಿಗೆ ಏರಿಸಿದರೆ ಜನ ಊರು ಬಿಡುತ್ತಾರೆ. ಅಮೆರಿಕದ ವಿಲ್ ರೈಟ್ 1989ರಲ್ಲಿ ಈ ಮಾಲಿಕೆಯ ಮೊದಲ ಆಟವನ್ನು ಹೊರತಂದರು. ನಾಲ್ಕನೆಯದು ಬಂದದ್ದು 2003ರಲ್ಲಿ. (ಊರು ಕಟ್ಟುವ ಹುಚ್ಚು ನಮ್ಮ ಸೀಮೆಗೆ ಹೊಸದಲ್ಲ ಬಿಡಿ. ಫಿರೂಜ್ ಶಾಹ ಬಹಮನಿ 1400ರ ಸುಮಾರಿಗೆ ಭೀಮಾ ದಂಡೆಯ ಮೇಲೆ ಫಿರೋಜಾಬಾದ್ ಎಂಬ ಹೊಸ ಪಟ್ಟಣವನ್ನೇ ಕಟ್ಟಿಸಿದ. ಅದರ ಪಾಳುಗೋಡೆಗಳು ಇಂದಿಗೂ ಇವೆ.)

ಆಟದ ಪೆಟ್ಟಿಗೆಯ ಮೇಲೆ ಕನಿಷ್ಠ ಬೇಕೆಂದು ಹೇಳಿದ್ದು 500 ಮೆಗಾಹರ್ಟ್ಸ್‌ನ ಪೆಂಟಿಯಂ 3 ಮತ್ತು 128 ಎಂಬಿ ರ‍್ಯಾಮ್. ಇಂದಿನ ಸಾದಾ ಲ್ಯಾಪ್‌ಟಾಪಿನಲ್ಲಿರುವ 8 ಜಿಬಿ ಅದರ 64 ಪಟ್ಟು. ಹಾಗಿದ್ದರೆ ಯಾವ ಯಂತ್ರವಾದರೂ ಸಾಕಲ್ಲವೆ? ಇಲ್ಲಿಯೇ ಸ್ವಲ್ಪ ಗುಟ್ಟಿದೆ. ಊರು ಬೆಳೆದಂತೆಲ್ಲ ಈ ಆಟ ದುಬಾರಿ ಯಂತ್ರದಲ್ಲೂ ಎಳೆದಾಡುತ್ತದೆ.

ಕಾರಣ ಇದು. ಊರಿನ ಜನ ಮನೆಯಿಂದ ಕೆಲಸಕ್ಕೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಆಟ ಸದಾ ಲೆಕ್ಕ ಹಾಕುತ್ತಲೇ ಇರುತ್ತದೆ. ಈಗಿನ ಪ್ರೊಸೆಸರಿನಲ್ಲಿ ನಾಲ್ಕು, ಎಂಟು, ಹತ್ತು ಕೋರ್‌ಗಳಿರುತ್ತವೆ. 2003ರ ಆಟಕ್ಕೆ ಅವುಗಳಲ್ಲಿ ಕೆಲಸ ಹಂಚುವುದು ಗೊತ್ತಿಲ್ಲ. ಅಡತಿ ಅಂಗಡಿಯಲ್ಲಿ ಎಂಟು ಮುನೀಮರು ಕೂತಿದ್ದಾರೆ, ಲೆಕ್ಕದ ಪುಸ್ತಕ ಮಾತ್ರ ಒಂದೇ ಎಂದುಕೊಳ್ಳಿ. ಬರೆಯುವವನು ಒಬ್ಬ, ಉಳಿದ ಏಳು ಜನ ಚಹಾ ಕುಡಿಯುತ್ತಾರೆ. ಹದಿನಾರು ಮುನೀಮರನ್ನು ತಂದು ಕೂರಿಸಿದರೂ ಲೆಕ್ಕ ಬೇಗ ಮುಗಿಯದು. ಬರೆಯುವವನ ಕೈ ಚುರುಕಾಗಿರಬೇಕು.

ಆದ್ದರಿಂದ ನೋಡಬೇಕಾದದ್ದು ಕೋರ್‌ಗಳ ಸಂಖ್ಯೆಯನ್ನಲ್ಲ, ಒಂದು ಕೋರಿನ ವೇಗವನ್ನು. ಪ್ರೊಸೆಸರಿನ ಗರಿಷ್ಠ ವೇಗ 4 ಗಿಗಾಹರ್ಟ್ಸ್ ಆಸುಪಾಸಿನಲ್ಲಿದ್ದು, ತಲೆಮಾರು ಹೊಸದಾಗಿದ್ದರೆ ಸಾಕು. ‘ಐ7’ ಎಂಬ ಚೀಟಿ ಅಂಟಿಸಿದೆ ಎಂದು ಮಾರುಹೋಗಬೇಡಿ. ಹತ್ತು ವರ್ಷ ಹಿಂದಿನ ಐ7ಗಿಂತ ಈಚಿನ ಐ3 ಇಂಥ ಒಂಟಿ ಕೆಲಸದಲ್ಲಿ ಮುಂದಿರುವುದುಂಟು.

ಬಿಸಿಲೆಂಬ ಶತ್ರು

ಆದರೆ ಚೀಟಿಯ ಮೇಲಿನ ವೇಗ ನಮ್ಮ ಕಡೆ ಕೊನೆತನಕ ನಿಲ್ಲುವುದು ಕಷ್ಟ. ಪ್ರೊಸೆಸರ್ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯಾದರೆ ಒಳಗೂ ಅದೇ ಕಾವು. ಹವಾನಿಯಂತ್ರಿತ ಅಂಗಡಿಯಲ್ಲಿ ನೀರು ಹರಿದಂತೆ ಓಡಿದ ಆಟ ಮನೆಯಲ್ಲಿ ಅರ್ಧ ಗಂಟೆಗೆ ಕುಂಟತೊಡಗಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಫ್ಯಾನೇ ಇಲ್ಲದ ತೆಳ್ಳನೆಯ ಮಾದರಿ ಬೇಡ. ಗಾಳಿ ಹೊರಬೀಳುವ ಕಿಂಡಿ ಎಲ್ಲಿದೆ ಎಂದು ತಿರುಗಿಸಿ ನೋಡಿ. ಅಂಗಡಿಯವರು ಒಪ್ಪಿದರೆ ಅರ್ಧ ತಾಸು ಓಡಿಸಿ ಕೈಯಿಟ್ಟು ನೋಡಿ. ಮನೆಯಲ್ಲಿ ಗಾದಿಯ ಮೇಲಿಟ್ಟು ಆಡಬೇಡಿ, ಅರಳೆ ಕಿಂಡಿಯನ್ನೇ ಮುಚ್ಚುತ್ತದೆ. ಮರದ ಮಣೆಯೊಂದು ಸಾಕು.

ರ‍್ಯಾಮಿನ ವಿಷಯ ಸರಳ. ಇದು 32 ಬಿಟ್ ಆಟ. ಇದ್ದ ಹಾಗೆಯೇ ಓಡಿಸಿದರೆ 2 ಜಿಬಿ, ತಿದ್ದುಪಡಿ ಮಾಡಿದರೂ 4 ಜಿಬಿ. ಅದಕ್ಕಿಂತ ಹೆಚ್ಚು ಮುಟ್ಟಲಾರದು. 8 ಜಿಬಿ ಧಾರಾಳವಾಯಿತು. ಕಾಲೇಜಿನಲ್ಲಿ ಆಟೋಕ್ಯಾಡ್‌ನಂಥ ತಂತ್ರಾಂಶ ಬಳಸುವಾಗ 16 ಹಿತ, ಆದ್ದರಿಂದ ಮುಂದೆ ಸೇರಿಸಲು ಜಾಗ ಉಂಟೇ ಎಂದು ಈಗಲೇ ಕೇಳಿಕೊಳ್ಳಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಬೇಡ, ಎಸ್‌ಎಸ್‌ಡಿ ಇರಲಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಈ ಆಟಕ್ಕೆ ಬೇಕಾಗಿಲ್ಲ; ಬೆಲೆ ಏರಿಸುವುದು ಮುಖ್ಯವಾಗಿ ಅದೇ. ಹಾಗೆಂದು ಅಂಗಡಿಯವನ ಮಾತು ಪೂರಾ ಸುಳ್ಳಲ್ಲ. ಮಕ್ಕಳು ಕೇಳುತ್ತಿರುವುದು 2015ರ ‘ಸಿಟೀಸ್: ಸ್ಕೈಲೈನ್ಸ್’ ಅಥವಾ 2023ರ ಅದರ ಎರಡನೆಯ ಭಾಗವಾದರೆ ಆ ಕಾರ್ಡು ಬೇಕೇ ಬೇಕು. ಎಲ್ಲವೂ ಊರು ಕಟ್ಟುವ ಆಟಗಳೇ, ಆದರೆ ಹೊಟ್ಟೆ ಬೇರೆ ಬೇರೆ. ಅಂಗಡಿಗೆ ಹೋಗುವ ಮೊದಲು ಆಟದ ಪೂರ್ತಿ ಹೆಸರನ್ನು ಬರೆದುಕೊಳ್ಳಿ.

ಕ್ರೋಮ್‌ಬುಕ್ ಅಗ್ಗವೆಂದು ತರಬೇಡಿ, ವಿಂಡೋಸ್ ಆಟ ಅದರಲ್ಲಿ ನೇರವಾಗಿ ಓಡದು. ವಿಂಡೋಸ್ ಇದ್ದರೂ ಎಆರ್‌ಎಂ ಬಗೆಯ ಪ್ರೊಸೆಸರಾದರೆ ಹಳೆಯ ಆಟ ಕೈಕೊಡುವ ಸಂಭವ ಉಂಟು.

ಸೆಕೆಂಡ್ ಹ್ಯಾಂಡ್ ಆದೀತೆ?

ಆದೀತು. ಕಂಪನಿಗಳು ಬಳಸಿ ಬಿಟ್ಟ ಗಟ್ಟಿಮುಟ್ಟಾದ ಆಫೀಸು ಲ್ಯಾಪ್‌ಟಾಪುಗಳೇ ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ. ಒಂದು ಎಚ್ಚರಿಕೆ: ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲು ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ವಿಂಡೋಸ್ 11 ಒಪ್ಪುವುದು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಈಚೆಗೆ. ಅದಕ್ಕೂ ಹಳೆಯದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಚಾರ್ಜರ್ ಕಿತ್ತು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ನೋಡಿ. ಕರೆಂಟಿನ ಭರವಸೆ ಇಲ್ಲದ ಊರಲ್ಲಿ ಅದು ಮುಖ್ಯ, ಏಕೆಂದರೆ ಈ ಆಟ ತಾನಾಗಿ ಏನನ್ನೂ ಉಳಿಸಿಡುವುದಿಲ್ಲ. ಆಗಾಗ ‘ಸೇವ್’ ಒತ್ತದಿದ್ದರೆ ಮೂರು ತಾಸಿನ ಊರು ಒಂದು ಕ್ಷಣಕ್ಕೆ ಹೋದೀತು.

ಚಿಕ್ಕಮ್ಮನ ಮನೆಯ ಸಿ.ಡಿ.ಯನ್ನು ನಂಬಿ ಕೂಡಬೇಡಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಇದ್ದರೂ ಆ ಸಿ.ಡಿ.ಯ ನಕಲು ತಡೆಯುವ ಬೀಗವನ್ನು ವಿಂಡೋಸ್ 10 ಮತ್ತು 11 ಒಪ್ಪುವುದಿಲ್ಲ. ಸ್ಟೀಮ್, ಜಿಓಜಿಯಂಥ ಕಡೆ ದುಡ್ಡು ಕೊಟ್ಟು ಇಳಿಸಿಕೊಳ್ಳುವುದೇ ದಾರಿ. ಪೆನ್‌ಡ್ರೈವಿನಲ್ಲಿ ಯಾರೋ ಪುಕ್ಕಟೆ ಕೊಟ್ಟ ಪ್ರತಿಯ ಜೊತೆ ವೈರಸ್ಸೂ ಬರಬಹುದು. ಕಾಲೇಜಿನ ಕೆಲಸವೆಲ್ಲ ಇರುವುದು ಅದೇ ಲ್ಯಾಪ್‌ಟಾಪಿನಲ್ಲಿ. ಆಟ ನಡುವೆ ತಟ್ಟನೆ ಮುಚ್ಚಿಕೊಂಡರೆ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಆಟದ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಸೆಟ್ ಅಫಿನಿಟಿ’ಯಲ್ಲಿ ಒಂದೇ ಕೋರನ್ನು ಉಳಿಸಿ. ಬಹಳ ಸಲ ಇದರಿಂದ ಸರಿಹೋಗುತ್ತದೆ. ಜಾಗ ಆರಿಸುವಾಗ 4 ಕಿಲೋಮೀಟರಿನ ದೊಡ್ಡ ಚೌಕದ ಬದಲು 2 ಕಿಲೋಮೀಟರಿನದನ್ನು ತೆಗೆದುಕೊಂಡರೆ ಯಂತ್ರಕ್ಕೂ ಹಗುರ.

ನೆರೆಮನೆಯವರು ಕೊನೆಗೆ ತಂದದ್ದು 26,000 ರೂಪಾಯಿಯ ಹಳೆಯ ಆಫೀಸು ಲ್ಯಾಪ್‌ಟಾಪು. ಬ್ಯಾಟರಿ ಎರಡು ತಾಸಿಗೆ ಕೈಚೆಲ್ಲುತ್ತದೆ, ಬೇರೆ ಹಾಕಿಸಬೇಕು. ಮೊನ್ನೆ ಹೋದಾಗ ಹುಡುಗಿ ಮಣೆಯ ಮೇಲಿಟ್ಟುಕೊಂಡು ಕೂತಿದ್ದಳು. ಊರಿಗೆ ನಿಂಬರ್ಗಾ ಎಂದೇ ಹೆಸರಿಟ್ಟಿದ್ದಾಳೆ. ಅಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡುತ್ತಿದ್ದರು.

‘ಎಲ್ಲಾ ಛಂದ ಅದ. ಬಸ್ ಸ್ಟ್ಯಾಂಡ್ ಎಲ್ಲದವ್ವಾ?’

‘ರೊಕ್ಕ ಸಾಲವಲ್ದು ಅಪ್ಪಾ. ತೆರಿಗಿ ಬರ್ಲಿ, ತಡಿ.’